ದಂಡೆ ಕಟ್ಟುವ ಮುನ್ನ ಕಲ್ಲಿನ ಅಡಿಯನ್ನೂ ನೋಡಬೇಕು

ಹೊಳೆಯ ತಳದಿಂದ ಅಂಗೈಯಗಲದ ಕಲ್ಲೊಂದನ್ನು ಮೆಲ್ಲನೆ ಎತ್ತಿ ತಿರುವಿದರೆ, ಅದರ ಒದ್ದೆ ಮೈಗೆ ಚಪ್ಪಟೆಯಾಗಿ ಅಂಟಿಕೊಂಡ ಸಣ್ಣ ಹುಳುವೊಂದು ಬೆಳಕಿಗೆ ಬೆದರಿ ಪಕ್ಕಕ್ಕೆ ಸರಿಯುವುದು ಕಾಣುತ್ತದೆ. ಅದು ಮೇಫ್ಲೈ ಕೀಟದ ಮರಿ. ಹೊಟ್ಟೆಯ ಎರಡೂ ಬದಿಯಲ್ಲಿ ಸಾಲಾಗಿರುವ ಎಲೆಯಂಥ ಕಿವಿರುಗಳಿಂದ ಉಸಿರಾಡುತ್ತ ಹೆಚ್ಚಿನ ಆಯುಷ್ಯವನ್ನು ನೀರಿನಲ್ಲೇ ಕಳೆಯುವ ಈ ಜೀವಿ, ರೆಕ್ಕೆ ಬಂದ ಮೇಲೆ ಬದುಕುವುದು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಕುಸಿಯುತ್ತಿರುವ ದಂಡೆಯನ್ನು ಭದ್ರಪಡಿಸಲು ಯಂತ್ರ ನೀರಿಗಿಳಿದಾಗ ಮೊದಲು ಅಪಾಯಕ್ಕೆ ಸಿಲುಕುವುದು ಇಂಥ ಜೀವಿಗಳೇ. ಮೇಲಿನಿಂದ ಕಾಣದ ಕಾರಣಕ್ಕೆ ಕಾಮಗಾರಿಯ ನಕ್ಷೆಯಲ್ಲೂ ಇವುಗಳಿಗೆ ಜಾಗ ಸಿಗುವುದಿಲ್ಲ.

ದಂಡೆ ಭದ್ರವಾದರೆ ಹೊಳೆಗೆ ಮಣ್ಣು ಕುಸಿಯುವುದು ತಗ್ಗುತ್ತದೆ. ಅದು ಜಲಚರಗಳಿಗೂ ಒಳ್ಳೆಯದೇ. ಆದರೆ ಆ ಒಳಿತನ್ನು ಕಾಣಲು ಅವು ಕಾಮಗಾರಿಯ ದಿನಗಳನ್ನು ದಾಟಿ ಉಳಿಯಬೇಕು. ಅಗೆತದಿಂದ ಕದಡಿದ ಮರಳು ಒಂದು ಮೀಟರ್ ಆಳಕ್ಕೆ ಇಳಿಯಲು ಸುಮಾರು ಒಂದು ನಿಮಿಷ ಸಾಕು. 2 ಮೈಕ್ರಾನ್, ಅಂದರೆ ಮಿಲಿಮೀಟರಿನ ಐನೂರರಲ್ಲೊಂದು ಪಾಲು ಗಾತ್ರದ ಜೇಡಿಮಣ್ಣಿನ ಕಣಕ್ಕೆ ನಿಂತ ನೀರಿನಲ್ಲಿಯೂ ಮೂರು ದಿನ ಬೇಕು. ಹರಿಯುವ ನೀರಿನಲ್ಲಿ ಅಂಥ ಕಣ ಎಷ್ಟು ದೂರ ಸಾಗೀತೆಂದು ಊಹಿಸಬಹುದು. ಹೀಗೆ ಸಾಗಿದ ಹೂಳು ಕೆಳಗಿನ ಜಲ್ಲಿಯ ಸಂದುಗಳಲ್ಲಿ ತುಂಬಿಕೊಂಡು, ಅಲ್ಲಿ ಮೀನುಗಳು ಹುದುಗಿಸಿಟ್ಟ ಮೊಟ್ಟೆಗಳಿಗೆ ಆಮ್ಲಜನಕ ಹೊತ್ತು ತರುವ ನೀರಿನ ಒಳಹರಿವನ್ನೇ ಕಟ್ಟಿಬಿಡುತ್ತದೆ. ಆದ್ದರಿಂದಲೇ ಮೀನು ಮೊಟ್ಟೆಯಿಡುವ ಕಾಲವನ್ನು ಬಿಟ್ಟು, ನೀರು ಕಡಿಮೆಯಿರುವ ದಿನಗಳಲ್ಲಿ ಕೆಲಸ ಹಿಡಿಯುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಫಲಕಾರಿಯಾದ ರಕ್ಷಣೆಯೆಂದು ನನ್ನ ಅಭಿಪ್ರಾಯ.

ಮರಳು ಚೀಲಗಳ ತಾತ್ಕಾಲಿಕ ಒಡ್ಡು ಹಾಕಿ, ಹರಿವನ್ನು ಕೊಳವೆಯ ಮೂಲಕ ಪಕ್ಕಕ್ಕೆ ತಿರುಗಿಸಿ, ಒಣಗಿದ ಜಾಗದಲ್ಲಿ ಕೆಲಸ ಮಾಡಿದರೆ ಹೂಳು ಕೆಳಕ್ಕೆ ಹೋಗುವುದಿಲ್ಲ. ಆದರೆ ಒಡ್ಡಿನೊಳಗೆ ಸಿಕ್ಕಿಬಿದ್ದ ಜೀವಿಗಳ ಹೊಣೆ ಆ ಗಳಿಗೆಯಿಂದಲೇ ಕೆಲಸದವರ ಮೇಲೆ ಬೀಳುತ್ತದೆ. ನೀರು ಇಳಿಯುತ್ತಿದ್ದಂತೆ ಮೀನುಗಳೆಲ್ಲ ಕೊನೆಯ ಗುಂಡಿಗೆ ಸೇರಿಕೊಳ್ಳುತ್ತವೆ. ಬಿಸಿಲಿಗೆ ಆ ಗುಂಡಿ ಕಾಯುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟನ್ನೇ ಹಿಡಿದಿಡುತ್ತದೆ. ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದವೆಂದರೆ ಆಗಲೇ ತಡವಾಗಿದೆ. ಅದಕ್ಕಾಗಿ ನೀರನ್ನು ನಿಧಾನವಾಗಿ ಇಳಿಸಬೇಕು, ಪಂಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು, ಬಲೆಯಿಂದ ಹಿಡಿದ ಮೀನುಗಳನ್ನು ನೆರಳಿನಲ್ಲಿಟ್ಟ ಬಕೆಟ್‌ಗಳಲ್ಲಿ, ದೊಡ್ಡವನ್ನೂ ಚಿಕ್ಕವನ್ನೂ ಬೇರ್ಪಡಿಸಿ, ಒದ್ದೆ ಕೈಯಿಂದಲೇ ಮುಟ್ಟಿ, ಕೆಲಸದ ಜಾಗಕ್ಕಿಂತ ಮೇಲಿನ ಹೊಳೆಗೆ ಬಿಡಬೇಕು. ವಿದ್ಯುತ್ತಿನಿಂದ ಮೀನನ್ನು ಕ್ಷಣಕಾಲ ಮಂಕುಗೊಳಿಸಿ ಹಿಡಿಯುವ ವಿಧಾನವೂ ಇದೆ; ಪರ್ಯಾಯ ವಿದ್ಯುತ್ತನ್ನು (ಎಸಿ) ಬಳಸಿದರೆ ಮೀನಿನ ಬೆನ್ನೆಲುಬೇ ಮುರಿಯಬಹುದಾದ್ದರಿಂದ ನೇರ ವಿದ್ಯುತ್ತನ್ನು (ಡಿಸಿ) ತರಬೇತಿ ಪಡೆದವರಷ್ಟೇ ಬಳಸಬೇಕು. ಪಂಪು ಹೊರಹಾಕಿದ ರಾಡಿನೀರನ್ನು ನೇರವಾಗಿ ಹೊಳೆಗೆ ಸುರಿದರೆ ಒಡ್ಡು ಹಾಕಿದ ಉದ್ದೇಶವೇ ಮಣ್ಣುಪಾಲಾಗುತ್ತದೆ. ಅದು ಮೊದಲು ತೊಟ್ಟಿಯಲ್ಲಿ ತಿಳಿಯಾಗಬೇಕು, ಇಲ್ಲವೇ ಹುಲ್ಲುನೆಲದ ಮೇಲೆ ಹರಿದು ಇಂಗಬೇಕು.

ಮೀನು ಈಜಿ ತಪ್ಪಿಸಿಕೊಳ್ಳಬಲ್ಲದು. ಕಪ್ಪೆಚಿಪ್ಪಿಗೆ ಆ ಶಕ್ತಿಯಿಲ್ಲ. ತಣ್ಣೀರಿನ ಹೊಳೆಗಳ ಮುತ್ತಿನ ಚಿಪ್ಪು ನೂರು ವರ್ಷಕ್ಕೂ ಮೀರಿ ಬಾಳಬಲ್ಲದು. ಅದರ ಲಾರ್ವಾ ಸಾಲ್ಮನ್ ಅಥವಾ ಟ್ರೌಟ್ ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆದು, ಆಮೇಲೆ ಉದುರಿ, ವರ್ಷಗಟ್ಟಲೆ ಜಲ್ಲಿಯೊಳಗೆ ಹುದುಗಿರುತ್ತದೆ. ಮೀನು ಇಲ್ಲವಾದರೆ ಚಿಪ್ಪಿಗೆ ಮರಿಯಿಲ್ಲ. ಜಲ್ಲಿಗೆ ಹೂಳು ತುಂಬಿದರೂ ಮರಿಯಿಲ್ಲ. ಯಂತ್ರ ಬರುವ ಮೊದಲೇ ತಳವನ್ನು ಮೊಳ ಮೊಳವಾಗಿ ಕೈಯಿಂದ ತಡವಿ ಹುಡುಕುವುದಕ್ಕೆ ಬದಲಿ ದಾರಿಯಿಲ್ಲ.

ಹಸಿ ಕಾಂಕ್ರೀಟಿನ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬಾರದು. ಸಿಮೆಂಟು ಕಲಸಿದ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 12ನ್ನು ದಾಟುತ್ತದೆ. ಈ ಅಳತೆಯಲ್ಲಿ ಒಂದೊಂದು ಅಂಕಿಯೂ ಹತ್ತು ಪಟ್ಟಾದ್ದರಿಂದ, ಪಿಎಚ್ 8ರ ಹೊಳೆನೀರಿಗಿಂತ ಅದರ ಕ್ಷಾರ ಹತ್ತು ಸಾವಿರ ಪಟ್ಟು ತೀಕ್ಷ್ಣ. ಮೀನಿನ ಕಿವಿರಿನ ನವಿರು ಪೊರೆ ಅದನ್ನು ತಾಳಲಾರದು. ಕಲಸಿದ ಬಾಣಲೆಯನ್ನು ಹೊಳೆಯಲ್ಲಿ ತೊಳೆಯುವ ಅಭ್ಯಾಸ ಅದಕ್ಕೇ ನಿಲ್ಲಬೇಕು. ಇಂಧನ ತುಂಬುವ ಕೆಲಸವೂ ನೀರಿನಿಂದ ದೂರದಲ್ಲೇ ಆಗಲಿ. ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವ ಯಂತ್ರ, ಬೂಟು, ಬಲೆಗಳನ್ನು ತೊಳೆದು ಒಣಗಿಸದಿದ್ದರೆ ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರದಂಥ ಸೋಂಕು ಅವುಗಳೊಂದಿಗೇ ಪಯಣಿಸುತ್ತದೆ.

ದಂಡೆಗೆ ಏನನ್ನು ಹೊದಿಸುತ್ತೇವೆ ಎಂಬುದರ ಮೇಲೂ ಬಹಳ ನಿಂತಿದೆ. ಬರಿಯ ಕಲ್ಲುರಾಶಿ ಮಣ್ಣನ್ನು ಹಿಡಿದೀತು, ನೆರಳು ಕೊಡದು. ಬೇರು ಬಿಡುವ ಗಿಡಗಳನ್ನು ನೆಟ್ಟರೆ ನೀರು ತಂಪಾಗಿರುತ್ತದೆ, ಬೇರಿನ ಸಂದುಗಳಲ್ಲಿ ಮೀನುಮರಿಗಳು ಅಡಗುತ್ತವೆ. ಗಿಡ ಬೇರೂರುವವರೆಗೆ ಮಣ್ಣು ಹಿಡಿಯಲು ಪ್ಲಾಸ್ಟಿಕ್ ಬಲೆಗಿಂತ ತೆಂಗಿನ ನಾರಿನದೋ ಸೆಣಬಿನದೋ ಲೇಸು. ಪ್ಲಾಸ್ಟಿಕ್ ಕಣ್ಣಿಗಳಲ್ಲಿ ಹಾವುಗಳು ಸಿಕ್ಕಿಕೊಂಡು ಸಾಯುತ್ತವೆ. ಕಡಿದಾದ ಮಣ್ಣಿನ ದಂಡೆಯಲ್ಲಿ ಮಿಂಚುಳ್ಳಿಯ ಬಿಲವಿದ್ದರೆ, ಮರಿಗಳು ಹಾರಿಹೋಗುವವರೆಗೆ ಕಾಯುವುದೇ ಸರಿ.

ಕೆಲಸ ಮುಗಿದ ಮೇಲೆ ಒಡ್ಡನ್ನು ಒಮ್ಮೆಲೇ ಒಡೆಯಬಾರದು; ಒಂದೊಂದೇ ಚೀಲ ತೆಗೆದು ನೀರನ್ನು ತೆಳುವಾಗಿ ಒಳಬಿಟ್ಟು, ಮೊದಲ ಕದಡು ನೀರನ್ನು ಪಂಪಿನಿಂದ ಹೊರತೆಗೆಯಬೇಕು. ತಳ ತಿಳಿಯಾದ ಬಳಿಕ, ಕಾಪಾಡಿಟ್ಟಿದ್ದ ಚಿಪ್ಪುಗಳನ್ನು, ನೀರು ಸೆಳೆಯುವ ಹಿಂತುದಿ ಮೇಲಾಗಿರುವಂತೆ, ಜಲ್ಲಿಯಲ್ಲಿ ಒಂದೊಂದಾಗಿ ಕೈಯಿಂದಲೇ ನೆಡಬೇಕು.