ಸೆಳೆತ ಅಂದ್ರೆ ಎಂತ? ಕುಡಿತ ಬಿಟ್ಟವರ ಮನೆಯವರಿಗೆ ಗೊತ್ತಿರ್ಬೇಕಾದ ಒಂದು ಪದ

ಕುಡಿಬೇಕು ಕುಡಿಬೇಕು ಅಂತ ಒಳಗಿಂದ ಜೋರು ಅನ್ನಿಸೋದಕ್ಕೆ ಡಾಕ್ಟ್ರು ಕ್ರೇವಿಂಗ್ ಅಂತ ಹೇಳ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಆಸೆ, ಚಪಲ, ತುಡಿತ ಅಂತೆಲ್ಲ ಬರೀತಾರೆ, ನನಗೆ ಸರಿ ಅನ್ನಿಸೋದು ಸೆಳೆತ ಅನ್ನೋ ಪದವೇ. ನಮ್ಮ ಮಲ್ಪೆ, ಪಣಂಬೂರು ಕಡೆಯವರಿಗೆ ಈ ಪದ ಮೊದಲು ಗೊತ್ತಾಗೋದು ನೀರಿನಿಂದ. "ಅಲ್ಲಿ ಇಳೀಬೇಡ, ಸೆಳೆತ ಉಂಟು" ಅಂತ ಬೈಸಿಕೊಳ್ಳದೆ ದೊಡ್ಡವರಾದವರು ಸಮುದ್ರದ ಬದಿಯಲ್ಲಿ ಯಾರೂ ಇರ್ಲಿಕ್ಕಿಲ್ಲ. ಚಪಲ ಅಂದ ಕೂಡ್ಲೆ ನಾಲಗೆ ಹತೋಟಿ ಇಲ್ಲದವ ಅಂತ ತಪ್ಪೆಲ್ಲ ಆ ಮನುಷ್ಯನ ಮೇಲೆ ಬೀಳ್ತದೆ. ಸೆಳೆತ ಒಳ್ಳೆ ಈಜು ಬರುವವನನ್ನೂ ಎಳೀತದೆ.

ನನ್ನಣ್ಣ ಬಂದರಿನಲ್ಲಿ ಮೀನು ಇಳಿಸುವ ಕೆಲಸದವ, ಕುಡಿತ ಬಿಟ್ಟು ಇದು ಎರಡನೇ ಮಳೆಗಾಲ. ಮೊದಮೊದಲು ಸಂಜೆ ಆರೂವರೆ ಆದ್ರೆ ಸಾಕು, ಜಗಲಿಯಲ್ಲಿ ಕೂತವ ಎದ್ದು ಗೇಟಿನ ತನಕ ಹೋಗಿ ಬರ್ತಿದ್ದ, ಮತ್ತೆ ಕೂರ್ತಿದ್ದ, ಚಪ್ಪಲಿ ಹಾಕ್ತಿದ್ದ, ತೆಗೀತಿದ್ದ. ನಾವೆಲ್ಲ "ಅದನ್ನ ನೆನೆಸ್ಬೇಡ, ಬೇರೆ ಎಂತಾದ್ರು ಯೋಚನೆ ಮಾಡು" ಅಂತ ಹೇಳ್ತಿದ್ದೆವು. ಮದ್ದು ಕುಡಿಯುವಾಗ ಮಂಗನನ್ನ ನೆನೆಸ್ಬೇಡ ಅಂದ ಹಾಗೆ ಆಯ್ತು ಅದು, ನೆನಪು ಜಾಸ್ತಿಯೇ ಆದದ್ದು.

ಕೌನ್ಸೆಲರ್ ಒಬ್ರು ಹೇಳಿಕೊಟ್ಟದ್ದು ಅರ್ಜ್ ಸರ್ಫಿಂಗ್ ಅಂತ ಒಂದು ಕ್ರಮ. ಅರ್ಜ್ ಅಂದ್ರೆ ಇದೇ ಸೆಳೆತ. ನಮ್ಮ ಮೂಲ್ಕಿ, ಸಸಿಹಿತ್ಲಲ್ಲಿ ಹುಡುಗ್ರು ಹಲಗೆ ಹಿಡ್ಕೊಂಡು ಅಲೆ ಮೇಲೆ ನಿಲ್ತಾರಲ್ಲ, ಅದೇ ಸರ್ಫಿಂಗ್. ಈ ಹೆಸರು ಬಂದದ್ದು ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿದ್ದ ಅಲನ್ ಮಾರ್ಲಾಟ್ ಅನ್ನೋ ಮನಶ್ಶಾಸ್ತ್ರಜ್ಞರಿಂದ, ಬಿಟ್ಟವರು ಯಾಕೆ ಮತ್ತೆ ಶುರು ಮಾಡ್ತಾರೆ ಅಂತ ಜೀವಮಾನ ಇಡೀ ಕೆಲಸ ಮಾಡಿದವರು, 2011ರಲ್ಲಿ ತೀರಿಹೋದ್ರು. ಅವರ ಮಾತು ಇಷ್ಟೆ, ಸೆಳೆತ ಅಲೆಯ ಹಾಗೆ ಏರ್ತದೆ, ತುದಿ ಮುಟ್ತದೆ, ಇಳೀತದೆ, ಕುಡಿಯದೇ ಇದ್ರೂ ಇಳೀತದೆ. ಹೆಚ್ಚಾಗಿ ಅರ್ಧ ಗಂಟೆ ಒಳಗೆ ಅದರ ಜೋರು ಮುಗೀತದೆ. ಆದ್ರೆ ಏರುವಾಗ ಮಾತ್ರ ಇದು ಕೊನೆಯೇ ಇಲ್ಲದೆ ಏರ್ತಾ ಹೋಗ್ತದೆ ಅಂತಲೇ ಕಾಣೋದು, ಆ ಹೆದರಿಕೆಯಲ್ಲೇ ಮನುಷ್ಯ ವೈನ್ ಶಾಪಿಗೆ ಓಡೋದು.

ಮಾರ್ಲಾಟ್ ಅವರಿಗೆ ನಮ್ಮ ವಿಪಶ್ಯನ, ಅಂದ್ರೆ ಉಸಿರು, ಮೈಯಲ್ಲಿ ಆಗೋದನ್ನ ಸುಮ್ನೆ ನೋಡ್ತಾ ಕೂರುವ ಧ್ಯಾನದ ಸಂಬಂಧವೂ ಉಂಟು. ಸಿಯಾಟಲ್‌ನ ಒಂದು ಜೈಲಲ್ಲಿ 10 ದಿನದ ಕೋರ್ಸ್ ಮಾಡಿದವರು ಬಿಡುಗಡೆ ಆದ ಮೂರು ತಿಂಗಳ ಮೇಲೂ ಕುಡಿತ, ಡ್ರಗ್ಸ್ ಕಡಿಮೆ ಮಾಡಿದ್ರು ಅಂತ ಅವರ ತಂಡ 2006ರಲ್ಲಿ ಬರೆದಿದೆ.

ಅರ್ಜ್ ಸರ್ಫಿಂಗ್ ಮಾಡೋದು ಹೇಗೆ ಅಂದ್ರೆ, ಸೆಳೆತ ಬಂದಾಗ ಅದು ಮೈಯಲ್ಲಿ ಎಲ್ಲಿ ಉಂಟು ಅಂತ ನೋಡೋದು. ಅಣ್ಣ ಬಿಸಿ ಗಂಜಿ ತಿಳಿಯ ಲೋಟ ಎರಡೂ ಕೈಯಲ್ಲಿ ಹಿಡ್ಕೊಂಡು, ಗೋಡೆ ಗಡಿಯಾರ ಕಾಣುವ ಹಾಗೆ ಕೂತು ಹೇಳ್ತಿದ್ದ, "ನಾಲಗೆ ಬುಡದಲ್ಲಿ ನೀರು ಬರ್ತಾ ಉಂಟು... ದವಡೆ ಬಿಗೀತು... ಅಂಗೈ ಬೆವರಿತು." ನಾನು ಹತ್ತಿರ ಸುಮ್ನೆ ಕೂರೋದು, ಬುದ್ಧಿ ಹೇಳೋದಿಲ್ಲ. ಉಸಿರು ನೋಡ್ಕೊಳ್ಳೋದು, ಮತ್ತೆ ದವಡೆಗೆ ಬರೋದು. ಒಂದು ದಿನ ಏಳು ಗಂಟೆಗೆ ಐದು ನಿಮಿಷ ಇರುವಾಗ "ಹೋಯ್ತು ಮಾರಾಯ, ಇಳಿದು ಹೋಯ್ತು" ಅಂತ ಲೋಟ ಕೆಳಗಿಟ್ಟ, ತಿಳಿ ತಣ್ಣಗಾಗಿತ್ತು, ಕುಡಿಲಿಕ್ಕೇ ಮರೆತಿದ್ದ.

ಸೆಳೆತ ಎಲ್ಲಿಂದ ಹುಟ್ತದೆ ಅಂತಲೂ ನೋಡ್ಬೇಕು. ಸಂಬಳದ ದಿನ, ಹಳೇ ಗೆಳೆಯನ ಬೈಕಿನ ಹಾರ್ನ್, ಆಮ್ಲೆಟ್ ಗಾಡಿಯ ವಾಸನೆ, ಇವೆಲ್ಲ ಹೊರಗಿನದ್ದು. ಒಳಗಿನದ್ದು ಇನ್ನೂ ಜೋರು. ಎಎ, ಅಂದ್ರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಅಂತ ಕುಡಿತ ಬಿಡುವವರೇ ಸೇರುವ ಕೂಟ, ಅದರ ಮೀಟಿಂಗಲ್ಲಿ ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ ಅಂತಾರೆ, ಹಸಿವಾ, ಸಿಟ್ಟಾ, ಒಂಟಿ ಅನ್ನಿಸ್ತಾ ಉಂಟಾ, ಸುಸ್ತಾ. ನಮ್ಮಣ್ಣನದ್ದು ಅರ್ಧಕ್ಕರ್ಧ ಹಸಿವೇ ಆಗಿತ್ತು! ಅತ್ತಿಗೆ ಆರು ಗಂಟೆಗೇ ಗಂಜಿ, ಚಟ್ನಿ ಕೊಡ್ಲಿಕ್ಕೆ ಶುರು ಮಾಡಿದ ಮೇಲೆ ಎಷ್ಟೋ ಸಂಜೆ ಅಲೆ ಏಳಲೇ ಇಲ್ಲ.

ಇಲ್ಲಿ ಒಂದು ಮಾತು ಯಾರೂ ಬಿಟ್ಟು ಓದ್ಬೇಡಿ. ದಿನಾ ತುಂಬ ಕುಡೀತಿದ್ದವರು ಫಕ್ಕನೆ ನಿಲ್ಲಿಸಿದಾಗ ಮೊದಲ ಎರಡು ಮೂರು ದಿನ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣೋದು ಇದೆಲ್ಲ ಆಗ್ಬಹುದು. ಅದು ಸೆಳೆತ ಅಲ್ಲ, ಜೀವಕ್ಕೇ ಅಪಾಯ, ಉಸಿರು ನೋಡ್ತಾ ಕೂರುವ ವಿಷಯವೇ ಅಲ್ಲ, ಬಿಡುವ ಮೊದಲೇ ಡಾಕ್ಟ್ರ ಹತ್ರ ಮಾತಾಡ್ಬೇಕು, ಹೀಗೆ ಆದ್ರೆ ಸೀದಾ ಆಸ್ಪತ್ರೆಗೆ ಹೋಗ್ಬೇಕು. ಮಾತಾಡ್ಲಿಕ್ಕೆ ಜನ ಬೇಕು ಅಂದ್ರೆ ಮನಸ್ಸಿನ ಆರೋಗ್ಯಕ್ಕೆ ಸರಕಾರದ ಸಹಾಯವಾಣಿ ಟೆಲಿ ಮಾನಸ್ 14416, ನಶೆ ಬಿಡಲಿಕ್ಕೆ ಅಂತಲೇ ಇರೋ ಸಹಾಯವಾಣಿ 14446. ನಮ್ಮ ಕಡೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳೂ ಉಂಟು, ಶಿಬಿರ ಮುಗಿದವರು ಸೇರುವ ನವಜೀವನ ಸಮಿತಿಯೂ ಉಂಟು. ಶಿಬಿರಕ್ಕಿಂತ ಆಮೇಲಿನ ಆ ಸೇರುವಿಕೆಯೇ ದೊಡ್ಡದು ಅಂತ ನನ್ನ ಅಭಿಪ್ರಾಯ.

ಜಾರಿ ಬಿದ್ರೆ? ಅಣ್ಣನೂ ಒಮ್ಮೆ ಬಿದ್ದ. ಮಾರ್ಲಾಟ್ ಹೇಳೋದು, ಒಂದು ಸಲ ಕುಡಿದದ್ದಕ್ಕಿಂತ ಅದರ ಮರುದಿನದ "ಹೇಗೂ ಹಾಳಾಯ್ತು, ನಾನು ಇಷ್ಟೆ" ಅನ್ನೋ ನಾಚಿಕೆಯೇ ಮನುಷ್ಯನನ್ನ ಪೂರ್ತಿ ಒಳಗೆ ಎಳೀತದೆ ಅಂತ. ಆ ಬೆಳಿಗ್ಗೆ ನಮ್ಮಮ್ಮ ಒಂದು ಮಾತೂ ಬೈಯದೆ ದೋಸೆ ಹೊಯ್ದು ಕೊಟ್ಟದ್ದು ನನಗೆ ಯಾವತ್ತೂ ಮರೀಲಿಕ್ಕಿಲ್ಲ.

ನೀರಿನ ಸೆಳೆತಕ್ಕೆ ಸಿಕ್ಕಿದವರು ನೇರ ದಡಕ್ಕೇ ಈಜಿದ್ರೆ ಕೈ ಸೋತು ಹೋಗ್ತದೆ, ದಡದ ಉದ್ದಕ್ಕೆ ಅಡ್ಡ ಈಜಿ ಅದರಿಂದ ತಪ್ಪಿಸ್ಕೊಂಡು ಮತ್ತೆ ಬರ್ಬೇಕು ಅಂತ ಬೀಚಿನ ಲೈಫ್‌ಗಾರ್ಡ್‌ಗಳು ಹೇಳ್ತಾರೆ. ಮೊನ್ನೆ ಚಿಕ್ಕಪ್ಪನ ಮಗಳ ಮೆಹೆಂದಿ ಇತ್ತು, ನಮ್ಮೂರ ಮೆಹೆಂದಿ ಹೇಗಿರ್ತದೆ ಅಂತ ಗೊತ್ತುಂಟಲ್ಲ, ಹಿಂದಿನ ತೋಟದಲ್ಲಿ ಕುಡಿಯುವವರಿಗೆ ಟೇಬಲ್ ಹಾಕಿರ್ತಾರೆ. ಒಂಬತ್ತು ಗಂಟೆಗೆ ಅಣ್ಣ ಫೋನ್ ಮಾಡಿದ. "ರಸ್ತೆಗೆ ಬಂದು ನಿಂತಿದ್ದೇನೆ, ದವಡೆ ಬಿಗೀತು, ನೀನು ಎಂತಾದ್ರು ಮಾತಾಡ್ತಾ ಇರು" ಅಂದ. ಬೋಟು, ಬಂಗುಡೆ ರೇಟು, ಮಗುವಿನ ಶಾಲೆ ಅಂತ ಇಪ್ಪತ್ತು ನಿಮಿಷ ಮಾತಾಡಿದೆವು. ಆಮೇಲೆ ಅವನೇ, "ಸರಿ, ಇಡ್ತೇನೆ, ಕೋರಿ ರೊಟ್ಟಿ ಖಾಲಿ ಆಗ್ತದೆ" ಅಂದ.