ಸ್ಟಿಕ್ಕರ್ ಹೊಸದು, ಬೆಲ್ಟ್ ಹಳೇದು

“ಅಣ್ಣಾ, 12 ವರ್ಷದ ಗಾಡಿ. ಆದ್ರೆ ಟ್ಯೂಫ್ ಹೊಸದು. ತಗೊಳ್ಲಾ?”

ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಗ್ಯಾರೇಜಿನಲ್ಲಿ ದುಡಿಯುವ ನನಗೆ ಊರಿಂದ ಹೊಸದಾಗಿ ಬಂದ ಹುಡುಗರಿಂದ ತಿಂಗಳಿಗೆ ಎರಡಾದರೂ ಇಂಥ ಫೋನು. ಟ್ಯೂಫ್ ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಅಂತ ನೋಡುವ ಇಲ್ಲಿನ ಕಡ್ಡಾಯ ತಪಾಸಣೆ; ಪಾಸಾದರೆ ನಂಬರ್ ಪ್ಲೇಟಿಗೆ ಒಂದು ಸ್ಟಿಕ್ಕರ್. 12 ವರ್ಷ ಅಂದರೆ ಹೆದರುತ್ತಾರೆ, ಟ್ಯೂಫ್ ಅಂದರೆ ಧೈರ್ಯ ತಂದುಕೊಳ್ಳುತ್ತಾರೆ. ಎರಡೂ ತಿರುಗುಮುರುಗು.

ಜರ್ಮನಿಯಲ್ಲಿ ಕಾರುಗಳ ಸರಾಸರಿ ವಯಸ್ಸೇ 10 ವರ್ಷ ದಾಟಿದೆ. ಇಷ್ಟು ದುಡ್ಡಿರುವ ದೇಶದಲ್ಲಿ ಹಳೇ ಗಾಡಿ ಯಾಕೆ ಅಂತ ಕೇಳುವವರಿದ್ದಾರೆ. ನಮ್ಮೂರಲ್ಲಿ ಸ್ವಂತ ಕಾರಿಗೆ ಹೊಗೆ ಸರ್ಟಿಫಿಕೇಟ್ ಬಿಟ್ಟರೆ 15 ವರ್ಷ ಯಾರೂ ಅಡಿಗೆ ಬಗ್ಗಿ ನೋಡುವುದಿಲ್ಲ. ಇಲ್ಲಿ ಹೊಸ ಕಾರಿಗೆ 3 ವರ್ಷಕ್ಕೆ, ಆಮೇಲೆ 2 ವರ್ಷಕ್ಕೊಮ್ಮೆ ತಪಾಸಣೆ. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ ಎಡಚಕ್ರದ ಬ್ರೇಕಿಗೂ ಬಲಚಕ್ರದ ಬ್ರೇಕಿಗೂ ಎಷ್ಟು ವ್ಯತ್ಯಾಸ ಅಂತ ಅಳೆಯುತ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪು ತಳದ ತಗಡನ್ನು ತಿಂದಿದೆಯೇ ಅಂತ ತಟ್ಟಿ ನೋಡುತ್ತಾರೆ. ಫೇಲಾದರೆ ಸರಿಮಾಡಿಸಿಕೊಂಡು ಬರಲು 1 ತಿಂಗಳು. ಇಲ್ಲಿ ಮೆಕ್ಯಾನಿಕ್ಕಿನ ಕೂಲಿ ದುಬಾರಿ. ರಿಪೇರಿ ಖರ್ಚು ಗಾಡಿಯ ಬೆಲೆ ಮೀರಿತೋ, ಅದು ಗುಜರಿಗೋ ಪರದೇಶಕ್ಕೋ ಹೋಗುತ್ತದೆ. ರಸ್ತೆಯಲ್ಲಿ ಕಾಣುವ ಹಳೇ ಗಾಡಿಗಳು ಹೀಗೆ ಸೋಸಿ ಉಳಿದವು.

ಹಾಗಂತ ಆ ಸ್ಟಿಕ್ಕರನ್ನು ನಂಬಿ ಕಣ್ಣು ಮುಚ್ಚಬೇಡಿ. ಎಷ್ಟು ಸಲ ಹೇಳಲಿ? ನಂಬರ್ ಪ್ಲೇಟಿನ ಆ ಗುಂಡು ಸ್ಟಿಕ್ಕರ್ ಹೇಳುವುದು ಒಂದೇ ಮಾತು: ತಪಾಸಣೆಯ ದಿನ ಈ ಗಾಡಿ ರಸ್ತೆಗಿಳಿಯಲು ಯೋಗ್ಯವಾಗಿತ್ತು. ಅಷ್ಟೇ. ತಪಾಸಣೆಯವನು ಏನನ್ನೂ ಬಿಚ್ಚುವುದಿಲ್ಲ. ಕ್ಲಚ್ ಇನ್ನೆಷ್ಟು ದಿನ ಬರುತ್ತದೆ ಅನ್ನುವುದು ಅವನ ಕೆಲಸವಲ್ಲ, ಏಸಿ ಕೆಟ್ಟಿದ್ದರೆ ಅವನಿಗೇನು? ಇಂಜಿನ್ನಿನ ವಾಲ್ವನ್ನೂ ಪಿಸ್ಟನ್ನನ್ನೂ ಒಂದೇ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟಿನ ಕವರ್ ತೆಗೆದು ನೋಡುವುದೇ ಇಲ್ಲ. ಅದನ್ನೆಲ್ಲ ಹೇಳುವುದು ಸರ್ವಿಸ್ ಬುಕ್ಕು ಮತ್ತು ಬಿಲ್ಲು.

ಹೋದ ವರ್ಷ ಹಾಸನದ ಹುಡುಗನೊಬ್ಬ ನನ್ನನ್ನು ಕೇಳದೆ ಗಾಡಿ ತಗೊಂಡ. ಟ್ಯೂಫ್ ಆಗಿ 9 ದಿನ, ಬುಕ್ಕು “ಕಳೆದುಹೋಗಿದೆ”. ಮೂರನೇ ವಾರಕ್ಕೆ ಹೈವೇಯಲ್ಲಿ ಟಪ್ ಅಂತ ಒಂದು ಸದ್ದು, ಇಂಜಿನ್ ಬಂದ್. ಟೋ ಟ್ರಕ್ಕಿನಲ್ಲಿ ಬಂತು. ಬಿಚ್ಚಿದರೆ ಬೆಲ್ಟಿನ ಹಲ್ಲೆಲ್ಲ ಉದುರಿ, ಪಿಸ್ಟನ್ನಿಗೆ ಬಡಿದು ವಾಲ್ವುಗಳು ಸೊಟ್ಟಗಾಗಿದ್ದವು. “ಟ್ಯೂಫ್ ಪಾಸಾಗಿತ್ತಲ್ಲಣ್ಣಾ” ಅಂದ. ಬೈಯಬೇಕೆನಿಸಿತು, ಮುಖ ನೋಡಿ ಕಾಫಿ ಕೊಡಿಸಿದೆ. ಎಲ್ಲ ಇಂಜಿನ್ನಿಗೂ ಬೆಲ್ಟಿರುವುದಿಲ್ಲ, ಚೈನಿನವೂ ಇವೆ. ಬದಲಿಸುವ ಲೆಕ್ಕವೂ ಒಂದೊಂದಕ್ಕೆ ಒಂದೊಂದು. ಗಾಡಿ ನೋಡದೆ ಫೋನಿನಲ್ಲಿ ನಾನು ಏನೂ ಹೇಳಲಾರೆ.

ನಮ್ಮ ಗ್ಯಾರೇಜಿಗೆ 80 ದಾಟಿದ ಅಜ್ಜಿಯೊಬ್ಬರು ಬರುತ್ತಾರೆ. ಗಾಡಿಗೆ 19 ವರ್ಷ. ಒಂದು ಹಸಿರು ಫೈಲಿನಲ್ಲಿ ಮೊದಲ ದಿನದಿಂದ ಇವತ್ತಿನವರೆಗಿನ ಬಿಲ್ಲು. ಬ್ರೇಕ್ ಆಯಿಲ್ ಬದಲಿಸಿದರೆ ಹೋದ ಸಲ ಯಾವಾಗ ಬದಲಿಸಿದ್ದು ಅಂತ ಪುಟ ತೆಗೆದು ನನಗೇ ತೋರಿಸುತ್ತಾರೆ. ಈ ಸಲ ತಪಾಸಣೆಯಲ್ಲಿ ಆ ಗಾಡಿ ಫೇಲು! ಚರ್ಚಿಗೂ ಅಂಗಡಿಗೂ ಮಾತ್ರ ಓಡಿಸಿ ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿದಿತ್ತು. ಅಜ್ಜಿಗೆ ಅವಮಾನವಾಗಿ ಎರಡು ದಿನ ಮಾತಾಡಲಿಲ್ಲ. ಡಿಸ್ಕ್ ಬದಲಿಸಿ ಕೊಟ್ಟೆವು. ನನ್ನನ್ನು ಕೇಳಿದರೆ, ಫೇಲಾದ ಆ ಗಾಡಿಯನ್ನು ಕಣ್ಣು ಮುಚ್ಚಿ ತಗೊಳ್ಳಬಹುದಿತ್ತು.

ಹಾಸನದ ಹುಡುಗ ಈಗ ಇನ್ನೊಂದು ಗಾಡಿಯ ಜಾಹೀರಾತು ಕಳಿಸಿದ್ದಾನೆ. ಮೊದಲ ಸಾಲಲ್ಲೇ “ಟ್ಯೂಫ್ ಹೊಸದು” ಅಂತಿದೆ. ಬೆಲ್ಟ್ ಬದಲಿಸಿದ ಬಿಲ್ಲಿನ ಫೋಟೋ ಕೇಳು ಅಂತ ಬರೆದಿದ್ದೇನೆ. ಮಾರುವವನು ಮೂರು ದಿನದಿಂದ ಹುಡುಕುತ್ತಿದ್ದಾನಂತೆ.