ಮೇಲ್ಮೈ ಎಂದರೆ ಮೇಲ್ಭಾಗವಲ್ಲ

ನೀರಿನ ಟ್ಯಾಂಕಿಗೆ ಬಣ್ಣ ಬಳಿಸಲೆಂದು ಮಡಿಕೇರಿಯಲ್ಲಿ ಈಚೆಗೆ ತರಿಸಿದ ಅಂದಾಜು ಪಟ್ಟಿಯೊಂದರಲ್ಲಿ 'ಮೇಲ್ಮೈ ವಿಸ್ತೀರ್ಣ 1.54 ಚದರ ಮೀಟರ್' ಎಂದು ಬರೆದಿತ್ತು. ಸಿಲಿಂಡರ್ ಆಕಾರದ ಆ ಟ್ಯಾಂಕಿನ ತ್ರಿಜ್ಯ 70 ಸೆಂಟಿಮೀಟರ್, ಎತ್ತರ 1 ಮೀಟರ್; 1.54 ಎಂಬುದು ಅದರ ಮುಚ್ಚಳದ ವಿಸ್ತೀರ್ಣ ಮಾತ್ರ. ಮಕ್ಕಳ ಲೆಕ್ಕದ ಪುಸ್ತಕಗಳಲ್ಲಿ ಎಷ್ಟೋ ಸಲ ತಿದ್ದಿದ ತಪ್ಪನ್ನು ದೊಡ್ಡವರ ಲೆಕ್ಕದಲ್ಲೂ ಕಂಡ ಮೇಲೆ, ಪದದ ಬೇರನ್ನೇ ನೋಡುವುದು ಅಗತ್ಯವೆನಿಸಿತು.

ಗೊಂದಲವೆಲ್ಲ 'ಮೇಲ್' ಎಂಬ ಪೂರ್ವಪದದ್ದು. ಅದನ್ನು 'ಎತ್ತರದಲ್ಲಿರುವ' ಎಂದಷ್ಟೇ ಓದುವವರು, ಕನ್ನಡದಲ್ಲಿ ಅದಕ್ಕೆ 'ಹೊರಗಿನ' ಎಂಬ ಅರ್ಥವೂ ಅಷ್ಟೇ ಸಹಜವೆಂಬುದನ್ನು ಮರೆಯುತ್ತಾರೆ. ಮೇಲಂಗಿ ತಲೆಯ ಮೇಲೆ ಕೂರುವ ವಸ್ತುವಲ್ಲ. ಕೊಡವ ಗಂಡಸರು ಬಿಳಿ ಅಂಗಿಯ ಮೇಲೆ ತೊಡುವ ಕಪ್ಪು ಕುಪ್ಯ ಎದೆ, ಬೆನ್ನು, ಪಕ್ಕೆಗಳನ್ನೆಲ್ಲ ಬಳಸಿಕೊಳ್ಳುವುದರಿಂದಲೇ ಮೇಲಂಗಿ. 'ಮೈ' ಎಂದರೆ ದೇಹ. ಆದ್ದರಿಂದ ಮೇಲ್ಮೈ ಎಂದರೆ ವಸ್ತುವಿನ ಹೊರಮೈ, ಅದರ ತಳವೂ ಸೇರಿದಂತೆ. 'ವಿಸ್ತೀರ್ಣ' ಪದವು 'ಹರಡು' ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದದ್ದು; ಹಾಗಾಗಿ ಮೇಲ್ಮೈ ವಿಸ್ತೀರ್ಣವೆಂದರೆ ಆ ಹೊರಮೈಯೆಲ್ಲ ಸೇರಿ ಎಷ್ಟು ಹರಡಿದೆ ಎಂಬುದರ ಅಳತೆ.

12ನೆಯ ಶತಮಾನದ ಭಾಸ್ಕರಾಚಾರ್ಯರು 'ಲೀಲಾವತಿ'ಯಲ್ಲಿ, ವೃತ್ತದ ವಿಸ್ತೀರ್ಣವನ್ನು ನಾಲ್ಕರಿಂದ ಗುಣಿಸಿದರೆ ಅದೇ ತ್ರಿಜ್ಯದ ಗೋಳದ ಮೇಲ್ಮೈ ವಿಸ್ತೀರ್ಣ ದೊರೆಯುತ್ತದೆಂದು ಹೇಳುವಾಗ, ಆ ಮೇಲ್ಮೈಯನ್ನು ಚೆಂಡಿನ ಸುತ್ತಲಿನ ಬಲೆಗೆ ಹೋಲಿಸುತ್ತಾರೆ. ಇದಕ್ಕಿಂತ ಸ್ಪಷ್ಟವಾದ ಚಿತ್ರ ನನಗಂತೂ ಬೇಕಿಲ್ಲ. ಕೈಯಾರೆ ನೋಡಬೇಕೆನ್ನುವವರಿಗೆ ಕೊಡಗಿನ ಕಿತ್ತಳೆಯಿದೆ: ಹಣ್ಣಿನ ನಡುವಿನ ಅಗಲಕ್ಕೆ ಸರಿಯಾಗಿ ಹಾಳೆಯ ಮೇಲೆ ನಾಲ್ಕು ವೃತ್ತಗಳನ್ನು ಎಳೆದು, ಸಡಿಲವಾಗಿ ಬಿಟ್ಟುಕೊಳ್ಳುವ ಅದರ ಸಿಪ್ಪೆಯನ್ನು ಚೂರುಚೂರಾಗಿ ಒತ್ತಿ ಜೋಡಿಸುತ್ತ ಹೋದರೆ ನಾಲ್ಕೂ ಹೆಚ್ಚುಕಡಿಮೆ ತುಂಬುತ್ತವೆ. ಈ ಹಣ್ಣು ತುಸು ಚಪ್ಪಟೆಯಾದ್ದರಿಂದ ಕೊನೆಯ ವೃತ್ತದಲ್ಲಿ ಸ್ವಲ್ಪ ಜಾಗ ಉಳಿಯುತ್ತದೆ. ಸಿಪ್ಪೆ ಸುಲಿಯುವಾಗ ತೊಟ್ಟಿನ ಕಡೆಯದನ್ನಷ್ಟೇ ತೆಗೆದು ಸಾಕೆನ್ನುವವರು ಯಾರೂ ಇಲ್ಲ.

ಟ್ಯಾಂಕಿನ ಲೆಕ್ಕವೂ ಹೀಗೆಯೇ. ಪೈ ಬೆಲೆಯನ್ನು 22/7 ಎಂದು ಹಿಡಿದರೆ ಸುತ್ತಲಿನ ಗೋಡೆ, ಅಂದರೆ ವಕ್ರ ಮೇಲ್ಮೈ, 4.40 ಚದರ ಮೀಟರ್. ಅದಕ್ಕೆ ಮುಚ್ಚಳ ಮತ್ತು ತಳದ ತಲಾ 1.54 ಸೇರಿದರೆ ಪೂರ್ಣ ಮೇಲ್ಮೈ ವಿಸ್ತೀರ್ಣ 7.48 ಚದರ ಮೀಟರ್. ಅದರಲ್ಲಿ ಹಿಡಿಸುವ 1540 ಲೀಟರ್ ನೀರು ಘನಫಲಕ್ಕೆ ಸೇರಿದ ಮಾತು. ಅದನ್ನು ಇಲ್ಲಿಗೆ ತರಬಾರದು. ತಳವು ಕಟ್ಟೆಯ ಮೇಲೆ ಕೂತಿರುವುದರಿಂದ ಅದಕ್ಕೆ ಬಣ್ಣ ಬೇಕಾಗಿಲ್ಲ, ಹಾಗಾಗಿ ಪಟ್ಟಿಯಲ್ಲಿ ಇರಬೇಕಾಗಿದ್ದ ಅಂಕಿ 5.94.